ಹಳಿ ಕಿತ್ತ ಹಾದಿಯಲ್ಲಿ ಸೈಕಲ್ ಸವಾರಿ

ನ್ಯೂಜಿಲೆಂಡ್‌ನ ದಕ್ಷಿಣ ದ್ವೀಪದಲ್ಲಿ ಮಿಡಲ್‌ಮಾರ್ಚ್‌ನಿಂದ ಕ್ಲೈಡ್‌ವರೆಗೆ 152 ಕಿಲೋಮೀಟರ್ ಸಾಗುವ ಒಟಾಗೊ ಸೆಂಟ್ರಲ್ ರೈಲ್ ಟ್ರೇಲ್, 1990ರಲ್ಲಿ ರೈಲು ಸಂಚಾರ ನಿಂತ ಬಳಿಕ ಹಳಿಗಳನ್ನು ಕಿತ್ತು, ಜಲ್ಲಿಯ ಮೇಲ್ಮೈಯನ್ನು ಹದಗೊಳಿಸಿ, 2000ದಲ್ಲಿ ಸೈಕಲ್ ಸವಾರರಿಗೂ ಕಾಲ್ನಡಿಗೆಯವರಿಗೂ ಪೂರ್ತಿಯಾಗಿ ತೆರೆಯಲಾದ ಹಾದಿಯಾಗಿದೆ. ಉಗಿಬಂಡಿಗಳು ಕಡಿದಾದ ಏರನ್ನು ಹತ್ತಲಾರವಾದ್ದರಿಂದ, ಐವತ್ತು ಮೀಟರ್ ಸಾಗಿದರೆ ಒಂದು ಮೀಟರಿಗಿಂತ ಹೆಚ್ಚು ಎತ್ತರವಾಗದಂತೆ ಎಂಜಿನಿಯರುಗಳು ಹಾಕಿದ್ದ ಮಿತಿಯೇ ಇಂದು ಅನನುಭವಿ ಸವಾರನಿಗೂ ವರವಾಗಿದೆ. ಬಯಲಿನ ಎದುರುಗಾಳಿಗೆ ಮಾತ್ರ ಯಾವ ಮಿತಿಯೂ ಇಲ್ಲ. ಪೂರ್ಣ ಪಯಣಕ್ಕೆ ಹಲವು ದಿನ ಬೇಕಾಗುವುದರಿಂದ, ಒಂದೇ ದಿನವಿರುವವರು ಲಾಡರ್ ಮತ್ತು ಒಟುರೆಹುವಾ ನಡುವಿನ ಪೂಲ್‌ಬರ್ನ್ ಕಮರಿಯ ಭಾಗವನ್ನು ಆರಿಸಿಕೊಳ್ಳುವುದು ಲೇಸು. ಅಲ್ಲಿ 37 ಮೀಟರ್ ಎತ್ತರದ ವಯಾಡಕ್ಟ್, ಅಂದರೆ ಕಣಿವೆಯನ್ನು ದಾಟಿಸುವ ಉದ್ದನೆಯ ಸೇತುವೆ, ಮತ್ತು ಬಂಡೆ ಕೊರೆದು ಮಾಡಿದ ಎರಡು ಸುರಂಗಗಳಿದ್ದು, ಸುರಂಗಗಳೊಳಗೆ ಟಾರ್ಚ್ ಹಿಡಿದು ಸೈಕಲ್ ತಳ್ಳಿಕೊಂಡು ನಡೆಯುವುದೇ ಕ್ಷೇಮ.