ಬೆನ್ನ ಹಿಂದಿನ ಕೆಂಪು ದೀಪ

ನಿಮ್ಮ ಬೆನ್ನು ನಿಮಗೆ ಕಾಣುತ್ತದೆಯೇ? ಇಲ್ಲ. ಅಂಗಿ ಹಿಂದೆ ಹರಿದಿದ್ದರೆ ಬೇರೆಯವರೇ ಹೇಳಬೇಕು. ಕಾರಿನ ಬ್ರೇಕ್ ದೀಪವೂ ಹಾಗೇ ನೋಡ್ರಿ. ಅದು ಗಾಡಿಯ ಬೆನ್ನಿಗೆ ಇರುತ್ತದೆ. ನಡೆಸುವವನಿಗೆ ಕಾಣುವುದಿಲ್ಲ. ಅದು ಕೆಟ್ಟು ತಿಂಗಳಾದರೂ ಅವನಿಗೆ ಗೊತ್ತಾಗದೆ ಇರಬಹುದು.

"ನಮ್ಮ ಮನೆಯಲ್ಲಿ ಕಾರೇ ಇಲ್ಲ, ನಮಗ್ಯಾಕೆ ಈ ಮಾತು?" ಅನ್ನಬೇಡಿ. ಸಂತೆಗೆ ಜೀಪಿನಲ್ಲಿ ಹೋಗುತ್ತೀರಿ. ಮದುವೆಗೆ ಬಾಡಿಗೆ ಗಾಡಿ ಹತ್ತುತ್ತೀರಿ. ನಿಮ್ಮ ಮಗ ಡ್ರೈವರ್ ಇರಬಹುದು. ಮೋಟರ್ ಸೈಕಲ್ಲಿಗೂ ಟ್ರ್ಯಾಕ್ಟರಿಗೂ ಇದೇ ಮಾತು. ಆದ್ದರಿಂದ ತಿಳಿದುಕೊಳ್ಳೋಣ.

ದೀಪ ಏನು ಹೇಳುತ್ತದೆ?

ಬ್ರೇಕ್ ದೀಪ ಇರುವುದು ಹಿಂದೆ ಬರುವವನಿಗಾಗಿ. "ನಾನು ನಿಧಾನ ಮಾಡುತ್ತಿದ್ದೇನೆ, ನೀನೂ ಮಾಡು" ಎಂದು ಅದು ಹೇಳುತ್ತದೆ. ಮೊದಲು ಡ್ರೈವರು ಕೈ ಹೊರಗೆ ಚಾಚಿ ಮೇಲೆ ಕೆಳಗೆ ಆಡಿಸುತ್ತಿದ್ದ. ಆ ಕೆಲಸವನ್ನು ಈಗ ದೀಪ ಮಾಡುತ್ತದೆ.

ಬ್ರೇಕಿನ ಪೆಡಲ್ ಹತ್ತಿರ ಒಂದು ಸಣ್ಣ ಸ್ವಿಚ್ಚು ಇರುತ್ತದೆ. ಕಾಲು ಒತ್ತಿದ ಕೂಡಲೆ ಹಿಂದಿನ ದೀಪಕ್ಕೆ ಕರೆಂಟು ಹೋಗುತ್ತದೆ. ರಾತ್ರಿ ಹಿಂದೆ ಸದಾ ಉರಿಯುವ ಕೆಂಪು ದೀಪ ಬೇರೆ. ಹಳೆಯ ತರಹದ ಬಲ್ಬಿನಲ್ಲಿ ಸದಾ ಉರಿಯುವ ತಂತಿ ಸಾಮಾನ್ಯವಾಗಿ 5 ವ್ಯಾಟಿನದು. ಬ್ರೇಕಿನ ತಂತಿ 21 ವ್ಯಾಟಿನದು. ಬ್ರೇಕ್ ಹಾಕಿದಾಗ ಕೆಂಪು ಬೆಳಕು ಒಮ್ಮೆಲೆ ಜೋರಾಗುವುದು ಇದರಿಂದಲೇ.

ಮೂರನೆಯ ದೀಪ ಬಂದ ಕಥೆ

ಮೊದಲು ಕಾರುಗಳಿಗೆ ಎಡಕ್ಕೊಂದು, ಬಲಕ್ಕೊಂದು, ಹೀಗೆ ಎರಡೇ ಬ್ರೇಕ್ ದೀಪ ಇದ್ದವು. ಅವು ಕೆಳಗೆ ಇರುತ್ತಿದ್ದವು. ನಡುವೆ ಇನ್ನೊಂದು ದೀಪ ಇಟ್ಟರೆ ಹೇಗೆ? ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ 1974ರಲ್ಲಿ ಇದನ್ನು ಪರೀಕ್ಷೆ ಮಾಡಿದರು. ಮಾಡಿಸಿದವರು ಜಾನ್ ವೋವೋಡ್‌ಸ್ಕಿ ಎಂಬ ಮನಶ್ಶಾಸ್ತ್ರಜ್ಞರು. 343 ಟ್ಯಾಕ್ಸಿಗಳಿಗೆ ಹಿಂದೆ ನಡುವೆ ಒಂದು ಹೆಚ್ಚಿನ ದೀಪ ಹಾಕಿದರು. 160 ಟ್ಯಾಕ್ಸಿಗಳನ್ನು ಹಾಗೇ ಬಿಟ್ಟರು. 10 ತಿಂಗಳು ಲೆಕ್ಕ ಇಟ್ಟರು. ದೀಪ ಹಾಕಿದ ಟ್ಯಾಕ್ಸಿಗಳಿಗೆ ಹಿಂದಿನಿಂದ ಗುದ್ದುವುದು ಅರ್ಧಕ್ಕಿಂತ ಹೆಚ್ಚು ಕಡಿಮೆಯಾಯಿತು.

ಆಮೇಲೆ ಇನ್ನೂ ಪರೀಕ್ಷೆಗಳು ನಡೆದವು. ಅಮೆರಿಕ ಸರ್ಕಾರ 1986ರ ಮಾದರಿಯ ಕಾರುಗಳಿಂದ ಎತ್ತರದ ಮೂರನೆಯ ಬ್ರೇಕ್ ದೀಪ ಕಡ್ಡಾಯ ಮಾಡಿತು. ಇಂದು ನಮ್ಮ ಕಡೆಯ ಕಾರುಗಳಲ್ಲೂ ಹಿಂದಿನ ಗಾಜಿನ ಹತ್ತಿರ ಅದನ್ನು ನೋಡಬಹುದು.

ಅದು ಎತ್ತರದಲ್ಲಿ ಯಾಕೆ ಇದೆ? ನಿಮ್ಮ ಮುಂದೆ ಒಂದು ಕಾರು, ಅದರ ಮುಂದೆ ಇನ್ನೊಂದು ಕಾರು ಇದೆ ಅನ್ನಿ. ಆಚೆಯ ಕಾರಿನ ಕೆಳಗಿನ ದೀಪ ನಿಮಗೆ ಕಾಣದು. ಮೇಲಿನ ದೀಪ ನಡುವಿನ ಕಾರಿನ ಗಾಜಿನೊಳಗಿಂದ ಕಾಣಬಹುದು. ಇನ್ನೊಂದು ಮಾತು. ಮೇಲಿನ ದೀಪ ಉರಿಯುವುದು ಬ್ರೇಕ್ ಹಾಕಿದಾಗ ಮಾತ್ರ. ಗೊಂದಲವೇ ಇಲ್ಲ.

ಎಲ್ಲ ಕಾರುಗಳಿಗೂ ಈ ದೀಪ ಬಂದ ಮೇಲೆ ಜನರ ಕಣ್ಣಿಗೆ ಅದು ರೂಢಿಯಾಯಿತು. ಅಮೆರಿಕದ 1998ರ ಸರ್ಕಾರಿ ವರದಿಯ ಪ್ರಕಾರ, ಈ ದೀಪದಿಂದ ಹಿಂದಿನ ಡಿಕ್ಕಿಗಳು 100ಕ್ಕೆ 4ರಷ್ಟು ಮಾತ್ರ ಕಡಿಮೆಯಾದವು. "ಇಷ್ಟೇನಾ?" ಅನ್ನಬೇಡಿ. ಎಲ್ಲ ಗಾಡಿಗೂ ದೀಪ ಬಂದರೆ ಆ ದೇಶದಲ್ಲಿ ವರ್ಷಕ್ಕೆ 58,000ಕ್ಕೂ ಹೆಚ್ಚು ಜನ ಗಾಯಗೊಳ್ಳುವುದು ತಪ್ಪುತ್ತದೆ ಎಂದು ಅದೇ ವರದಿ ಲೆಕ್ಕ ಹಾಕಿತು. ಒಂದು ಸಣ್ಣ ದೀಪಕ್ಕೆ ಅದು ಸಣ್ಣ ಕೆಲಸವೇನ್ರಿ?

ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ

ಹಳೆಯ ಬಲ್ಬಿನ ತಂತಿ ಮೊದಲು ಕಾಯಬೇಕು. ಆಮೇಲೆ ಬೆಳಕು ಪೂರ್ತಿ ಬರುತ್ತದೆ. ಅದಕ್ಕೆ ಒಂದು ಸೆಕೆಂಡಿನ ಐದನೆಯ ಒಂದು ಭಾಗದಷ್ಟು ಹೊತ್ತು ಬೇಕು. ಎಲ್.ಇ.ಡಿ. ದೀಪಕ್ಕೆ ಕಾಯುವ ಕೆಲಸ ಇಲ್ಲ. ಒತ್ತಿದ ಕೂಡಲೆ ಹತ್ತುತ್ತದೆ.

ಇಷ್ಟು ಕಡಿಮೆ ಹೊತ್ತಿನಿಂದ ಏನಾಗುತ್ತದೆ? ಲೆಕ್ಕ ಮಾಡಿ ನೋಡೋಣ. ಗಂಟೆಗೆ 72 ಕಿಲೋಮೀಟರ್ ವೇಗದ ಗಾಡಿ ಒಂದು ಸೆಕೆಂಡಿಗೆ 20 ಮೀಟರ್ ಓಡುತ್ತದೆ. ಐದನೆಯ ಒಂದು ಭಾಗದಲ್ಲಿ 4 ಮೀಟರ್, ಅಂದರೆ ಸುಮಾರು 13 ಅಡಿ. ರಸ್ತೆ ದಾಟುತ್ತಿರುವ ಮಗುವಿಗೆ 13 ಅಡಿ ಬಹಳ ದೊಡ್ಡದು.

ದೀಪ ಸುಳ್ಳು ಹೇಳಬಾರದು

ತೋಳ ಬಂತು ತೋಳ ಎಂದು ಕೂಗಿದ ಹುಡುಗನ ಕಥೆ ನಿಮಗೆ ಗೊತ್ತು. ಕೆಲವರು ಬ್ರೇಕಿನ ಮೇಲೆ ಕಾಲು ಇಟ್ಟುಕೊಂಡೇ ಗಾಡಿ ಓಡಿಸುತ್ತಾರೆ. ದೀಪ ಸದಾ ಉರಿಯುತ್ತದೆ. ಹಿಂದಿನವನು ಅದನ್ನು ನಂಬುವುದನ್ನೇ ಬಿಡುತ್ತಾನೆ. ನಿಜವಾಗಿ ನಿಲ್ಲಿಸಿದಾಗ ಬಂದು ಗುದ್ದುತ್ತಾನೆ.

ದೀಪ ಸುಮ್ಮನೆ ಇರುವುದೂ ಅಪಾಯವೇ. ಇಳಿಜಾರಿನಲ್ಲಿ ಗೇರು ಇಳಿಸಿ ನಿಧಾನ ಮಾಡಿದರೆ ಸಾಮಾನ್ಯವಾಗಿ ಬ್ರೇಕ್ ದೀಪ ಹತ್ತುವುದಿಲ್ಲ. ಹಿಂದೆ ಗಾಡಿ ಇದ್ದರೆ ಪೆಡಲನ್ನು ಒಂದೆರಡು ಸಲ ಹಗುರವಾಗಿ ಮುಟ್ಟಬೇಕು.

ಚೆಂದಕ್ಕೆಂದು ದೀಪದ ಮೇಲೆ ಕಪ್ಪು ಹಾಳೆ ಅಂಟಿಸುವುದು ಬ್ಯಾಡ್ರಿ. ಬಣ್ಣ ಬಣ್ಣದ ದೀಪ ಹಾಕುವುದೂ ಬ್ಯಾಡ. ಕಣ್ಣಿಗೆ ಹೊಡೆಯುವ ಬೆಳಕೂ ಬ್ಯಾಡ. ಬ್ರೇಕ್ ದೀಪ ಕೆಂಪಗೆ, ಸ್ಪಷ್ಟವಾಗಿ ಕಂಡರೆ ಸಾಕು.

ನಮ್ಮ ಕಡೆ ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರಿನ ಹಿಂದೆ ಎರಡೆರಡು ಟ್ರೇಲರ್ ಕಟ್ಟಿರುತ್ತಾರೆ. ಕಬ್ಬು ಜೋತುಬಿದ್ದು ದೀಪ ಮುಚ್ಚುತ್ತದೆ. ಕೆಲವು ಟ್ರೇಲರಿಗೆ ದೀಪವೇ ಇಲ್ಲ. ಹೊಳೆಯುವ ಕೆಂಪು ಪಟ್ಟಿ ಅಂಟಿಸಿದರೆ "ಇಲ್ಲಿ ಗಾಡಿ ಇದೆ" ಎಂದು ತಿಳಿಯುತ್ತದೆ. ಅದು ಬೇಕೇ ಬೇಕು. ಆದರೆ "ಬ್ರೇಕ್ ಹಾಕಿದ್ದೇನೆ" ಎಂದು ಪಟ್ಟಿ ಹೇಳಲಾರದು. ಅದಕ್ಕೆ ದೀಪವೇ ಬೇಕು.

ಹೀಗೆ ನೋಡಿಕೊಳ್ಳಿ

1. ಒಬ್ಬರು ಪೆಡಲ್ ಒತ್ತಬೇಕು. ಇನ್ನೊಬ್ಬರು ಹಿಂದೆ ನಿಂತು ಎಲ್ಲ ದೀಪಗಳನ್ನೂ ನೋಡಬೇಕು. ಒಬ್ಬರೇ ಇದ್ದರೆ ಸಂಜೆ ಗಾಡಿಯ ಹಿಂಭಾಗವನ್ನು ಗೋಡೆಗೆ ಮಾಡಿ ನಿಲ್ಲಿಸಿ. ಬ್ರೇಕ್ ಒತ್ತಿ. ಗೋಡೆಯ ಮೇಲಿನ ಕೆಂಪು ಬೆಳಕನ್ನು ಕನ್ನಡಿಯಲ್ಲಿ ನೋಡಿ.

2. ಒಂದೇ ದೀಪ ಹತ್ತದಿದ್ದರೆ ಬಲ್ಬು ಹೋಗಿರಬಹುದು. ಯಾವ ದೀಪವೂ ಹತ್ತದಿದ್ದರೆ ಫ್ಯೂಸು ಇಲ್ಲವೆ ಸ್ವಿಚ್ಚು ನೋಡಿಸಿ.

3. ಬಲ್ಬು ಬದಲಿಸುವಾಗ ಮೊದಲಿನ ತರಹದ್ದನ್ನೇ ತನ್ನಿ. ಬಲ್ಬಿನ ಮೇಲೆ ಬರೆದ ಅಂಕಿ ಓದಿಕೊಳ್ಳಿ. ಈಗ ನೀವು ಓದಬಲ್ಲಿರಿ!

4. ಧೂಳು, ಕೆಸರು ಹತ್ತಿದ ದೀಪವನ್ನು ಒದ್ದೆ ಬಟ್ಟೆಯಿಂದ ಒರೆಸಿ.

ನಡುವೆ ಜಾಗ ಇರಲಿ

ಎಷ್ಟೇ ಒಳ್ಳೆಯ ದೀಪ ಇದ್ದರೂ, ತೀರ ಹತ್ತಿರ ಹೋಗುವವನನ್ನು ಅದು ಕಾಯಲಾರದು. ಮುಂದಿನ ಗಾಡಿ ಒಂದು ಬೇವಿನ ಮರ ದಾಟಿತು ಅನ್ನಿ. "ನೂರಾ ಒಂದು, ನೂರಾ ಎರಡು" ಎಂದು ನಿಧಾನ ಎಣಿಸಿ. ಎಣಿಸಿ ಮುಗಿಸುವ ಮೊದಲೇ ನೀವು ಆ ಮರ ದಾಟಿದರೆ ತೀರ ಹತ್ತಿರ ಇದ್ದೀರಿ. ವೇಗ ಕಡಿಮೆ ಮಾಡಿ. ಮಳೆಯಲ್ಲಿ ಇನ್ನೂ ಹೆಚ್ಚು ಜಾಗ ಬಿಡಿ.

ಗಾಡಿ ಹತ್ತುವ ಮುನ್ನ ಒಂದು ಕೆಲಸ ಮಾಡಿ. ಹಿಂದೆ ನಿಂತು, "ಅಣ್ಣಾ, ಒಂದು ಸಲ ಬ್ರೇಕ್ ಒತ್ತು" ಅನ್ನಿ. ದೀಪ ಹತ್ತದಿದ್ದರೆ ಸಂಕೋಚವಿಲ್ಲದೆ ಹೇಳಿ. ಅವನ ಬೆನ್ನು ಅವನಿಗೆ ಕಾಣದು. ನಿಮಗೆ ಕಾಣುತ್ತದೆ.

ಉತ್ತರ ಬರೆಯಿರಿ

1. ಮೂರನೆಯ ಬ್ರೇಕ್ ದೀಪ ಎತ್ತರದಲ್ಲಿ ಯಾಕೆ ಇರುತ್ತದೆ?
2. ಬ್ರೇಕಿನ ಮೇಲೆ ಸದಾ ಕಾಲಿಟ್ಟರೆ ಏನು ಅಪಾಯ?
3. ನಿಮ್ಮ ಓಣಿಯಲ್ಲಿ ಎಷ್ಟು ಗಾಡಿಗಳ ಬ್ರೇಕ್ ದೀಪ ಹತ್ತುತ್ತವೆ? ನೋಡಿ ಬರೆಯಿರಿ.