ತಾರಾಗುಚ್ಛಗಳ ನಡುವೆ ಧೂಮಕೇತು: ಒಂದು ಛಾಯಾಚಿತ್ರದ ವಿವರಣೆ

ಧೂಮಕೇತುಗಳ ಉದಯಾಸ್ತಗಳು ಗಣಿತದಿಂದ ತಿಳಿಯತಕ್ಕವಲ್ಲವೆಂದು ವರಾಹಮಿಹಿರಾಚಾರ್ಯನು ಬೃಹತ್ಸಂಹಿತೆಯಲ್ಲಿ ಹೇಳಿರುವನು. ಆ ಕಾಲಕ್ಕೆ ಅದು ಯಥಾರ್ಥವಾದ ಮಾತು. ಈಗಲಾದರೋ ಅನೇಕ ಕೇತುಗಳ ಮಾರ್ಗವು ಗಣಿತಕ್ಕೆ ವಶವಾಗಿದೆ. 1948ರಲ್ಲಿ ಅಮೆರಿಕಾದ ಲಿಕ್ ವೇಧಶಾಲೆಯಲ್ಲಿ ಕಾರ್ಲ್ ವಿರ್ಟಾನೆನ್ ಎಂಬವರು ಛಾಯಾಚಿತ್ರದ ಮೂಲಕ ಕಂಡುಹಿಡಿದ ಕೇತುವು ಸುಮಾರು ಐದೂವರೆ ವರ್ಷಗಳಿಗೊಮ್ಮೆ ಸೂರ್ಯನನ್ನು ಸುತ್ತುವುದು. 2018ನೆಯ ಡಿಸೆಂಬರ್ 16ರಂದು ಅದು ಭೂಮಿಗೆ ಸಮೀಪಿಸಿ, ಕೃತ್ತಿಕೆಗೂ ರೋಹಿಣೀಶಕಟಕ್ಕೂ ನಡುವೆ ಕಾಣಿಸಿಕೊಂಡಿತು. ಇಂಥ ಯೋಗವನ್ನು ಹವ್ಯಾಸಿಗಳು ಚಿತ್ರಿಸುವ ಕ್ರಮವನ್ನೂ ಆ ಚಿತ್ರದ ಅರ್ಥವನ್ನೂ ಇಲ್ಲಿ ವಿವರಿಸುವೆವು.

ಇದಕ್ಕೆ ಬೇಕಾದ ಸಾಧನ ಅಲ್ಪವೇ: ಕ್ಯಾಮರಾ, 50 ಮಿಲಿಮೀಟರಿನ ಲೆನ್ಸು, ಅಲುಗದ ಮೂರುಕಾಲಿನ ನಿಲುವು. ಆದರೆ ಬೆಳಕನ್ನು ಸುಮಾರು 10 ಸೆಕೆಂಡಿಗಿಂತ ಹೆಚ್ಚು ಕಾಲ ಒಳಗೆ ಬಿಟ್ಟರೆ, ಭೂಭ್ರಮಣದ ಕಾರಣ ನಕ್ಷತ್ರಗಳು ಬಿಂದುಗಳಾಗಿ ಉಳಿಯದೆ ಗೆರೆಗಳಾಗುವುವು. ಧ್ರುವಾಭಿಮುಖವಾದ ಅಕ್ಷದ ಮೇಲೆ ಕ್ಯಾಮರಾವನ್ನು ಯಂತ್ರದಿಂದ ತಿರುಗಿಸಿದರೆ ಈ ದೋಷವು ನೀಗುವುದು. ಅಂದು ಶುಕ್ಲಪಕ್ಷದ ಚಂದ್ರನಿದ್ದುದರಿಂದ, ಅವನು ಮುಳುಗಿದ ಮೇಲಿನ ರಾತ್ರಿಯೇ ಅನುಕೂಲವಾದ ಕಾಲ. ಬರಿಗಣ್ಣಿಗೆ ಬೂದಿಯ ಛಾಯೆಯಾಗಿ ತೋರುವ ಕೇತುವು ಚಿತ್ರದಲ್ಲಿ ಹಸುರಾಗಿ ಮೂಡುವುದು. ಇಂಗಾಲದ ಎರಡು ಪರಮಾಣುಗಳು ಕೂಡಿದ ಅಣುಗಳು ಸೂರ್ಯಪ್ರಕಾಶದಲ್ಲಿ ಬೆಳಗುವುದೇ ಇದಕ್ಕೆ ಕಾರಣ.

ಇಲ್ಲೊಂದು ತೊಡಕುಂಟು. ಆ ಕೇತುವು ಮೂರು ನಾಲ್ಕು ಗಂಟೆಗಳಲ್ಲಿ ಚಂದ್ರಬಿಂಬದ ಅಗಲದಷ್ಟು ಸರಿಯುತ್ತಿದ್ದಿತು. ಬೆಳಕು ಸಾಲದ ಕಾರಣ ಹಲವು ಚಿತ್ರಗಳನ್ನು ಒಂದರ ಮೇಲೊಂದಿರಿಸಿ ಕೂಡಿಸಬೇಕು. ನಕ್ಷತ್ರಗಳಿಗೆ ಹೊಂದಿಸಿದರೆ ಕೇತು ಕದಡುವುದು. ಕೇತುವಿಗೆ ಹೊಂದಿಸಿದರೆ ನಕ್ಷತ್ರಗಳು ಗೆರೆಗಳಾಗುವುವು. ಎರಡನ್ನೂ ಬೇರೆ ಬೇರೆ ಸಿದ್ಧಪಡಿಸಿ ಸೇರಿಸುವವರುಂಟು. ಅದು ತಪ್ಪಲ್ಲ, ಆದರೆ ಹಲವು ಓಲೆಪ್ರತಿಗಳಿಂದ ಪಾಠವನ್ನು ಕಟ್ಟಿದ ಸಂಪಾದಕನು ಅದನ್ನು ಪೀಠಿಕೆಯಲ್ಲಿ ಒಪ್ಪಿಕೊಳ್ಳುವಂತೆ, ಚಿತ್ರಕಾರನೂ ಹೇಳತಕ್ಕದ್ದು.

ಇನ್ನು ಅರ್ಥ. ಕೇತುವು ಅಂದು 1 ಕೋಟಿ 16 ಲಕ್ಷ ಕಿಲೋಮೀಟರು ದೂರದಲ್ಲಿದ್ದಿತು. ಅದರ ಬೆಳಕು ನಮಗೆ ತಲಪಲು ಸುಮಾರು 39 ಸೆಕೆಂಡು ಸಾಕು. ರೋಹಿಣೀಶಕಟದ ಗುಚ್ಛದಿಂದ ಬರುವ ಬೆಳಕಿಗೆ ಸುಮಾರು 150 ವರ್ಷ, ಕೃತ್ತಿಕೆಯದಕ್ಕೆ ಸುಮಾರು 440 ವರ್ಷ ಬೇಕು. ರೋಹಿಣೀತಾರೆಯೂ ಆ ಗುಚ್ಛಕ್ಕೆ ಸೇರಿದುದಲ್ಲ. ಅದು ಸುಮಾರು 65 ಜ್ಯೋತಿರ್ವರ್ಷ ದೂರದಲ್ಲಿ, ಗುಚ್ಛದ ಮುಂದೆ ನಿಂತಿದೆ. ಹೀಗೆ ಒಂದೇ ಚಿತ್ರದಲ್ಲಿ ನಾಲ್ಕು ಕಾಲಗಳ ಬೆಳಕು ಕೂಡಿದೆ.

ಆದುದರಿಂದ ಕೇತುವು ಕೃತ್ತಿಕೆಯನ್ನು ಸೇರಿತೆಂಬ ಮಾತು ಬರುವ ಗ್ರಂಥವನ್ನು ಪಾಠ ಹೇಳುವಾಗ, ಆ ಸಾಮೀಪ್ಯವು ದೃಷ್ಟಿಗೆ ಸೇರಿದುದು, ವಸ್ತುಗಳಿಗಲ್ಲವೆಂದು ವಿದ್ಯಾರ್ಥಿಗಳಿಗೆ ತಿಳಿಸುವುದು ಉಚಿತ. ಕಂಡುದನ್ನು ಕಂಡಂತೆ ಬರೆದ ಪ್ರಾಚೀನರಿಗೆ ಇದರಿಂದ ಕುಂದಿಲ್ಲ. ಆ ಸಾಮೀಪ್ಯದಿಂದ ಫಲವನ್ನು ಊಹಿಸುವ ವಾದಕ್ಕೆ ಮಾತ್ರ ಆಧಾರವು ಉಳಿಯುವುದಿಲ್ಲ.