ವಾರಕ್ಕೆ ಎಷ್ಟು ಗಂಟೆ ತುಳಿಯಬೇಕು?

ನಸುಕಿನ ಐದು ಗಂಟೆಗೆ ಹಾಲಿನ ಬೂತುಗಳ ಮುಂದೆ ಕ್ರೇಟುಗಳು ಇಳಿಯುತ್ತಿರುವಾಗ, ರಾಜಾಜಿನಗರ, ಬಸವೇಶ್ವರನಗರಗಳ ಅಡ್ಡರಸ್ತೆಗಳಿಂದ ಒಬ್ಬೊಬ್ಬರಾಗಿ ಹೊರಬಿದ್ದು, ಸೀಟಿನ ಹಿಂದೆ ಕೆಂಪು ದೀಪವನ್ನು ಮಿನುಗಿಸುತ್ತ ಮಾಗಡಿ ರಸ್ತೆಯನ್ನು ಹಿಡಿಯುವ ಸೈಕಲ್ ಸವಾರರಲ್ಲಿ ಆರೋಗ್ಯಾರ್ಥಿಗಳಂತೆಯೇ ಸ್ಪರ್ಧಾರ್ಥಿಗಳೂ ಉಂಟು. ಒಂಬತ್ತಕ್ಕೆ ಕಚೇರಿಯನ್ನು ಸೇರಬೇಕಾದ, ಅದಕ್ಕೂ ಮೊದಲು ಮಕ್ಕಳನ್ನು ಶಾಲೆಯ ವ್ಯಾನು ಹತ್ತಿಸಬೇಕಾದ ಈ ಗೃಹಸ್ಥರು ತಾವರೆಕೆರೆಯಲ್ಲಿ ಕಾಫಿಗೆ ನಿಂತಾಗ ಪರಸ್ಪರ ಕೇಳಿಕೊಳ್ಳುವ ಪ್ರಶ್ನೆ ಒಂದೇ: ರೇಸಿಗೆ ನಿಲ್ಲಬೇಕಾದರೆ ವಾರಕ್ಕೆ ಎಷ್ಟು ಗಂಟೆ ತುಳಿಯಬೇಕು?

ಸೈಕಲ್ಲನ್ನೇ ಜೀವನೋಪಾಯವಾಗಿ ಉಳ್ಳ ವೃತ್ತಿಪಟುಗಳು ವಾರಕ್ಕೆ 20ರಿಂದ 30 ಗಂಟೆ ತುಳಿಯುತ್ತಾರೆ. ತುಳಿಯದ ಹೊತ್ತನ್ನು ವಿಶ್ರಾಂತಿಗೆ ಮೀಸಲಿಡುತ್ತಾರೆ. ಆ ವಿಶ್ರಾಂತಿಯ ಅನುಕೂಲವಿಲ್ಲದವನು ಆ ಗಂಟೆಗಳನ್ನು ಮಾತ್ರ ಅನುಕರಿಸಹೊರಟರೆ ನಿದ್ರೆಯಿಂದಲೇ ಅವನ್ನು ಕಡ ತರಬೇಕಾಗುತ್ತದೆ. ಬೆಂಗಳೂರು ಬೈಸಿಕಲ್ ಚಾಂಪಿಯನ್‌ಷಿಪ್ಸ್ ಹವ್ಯಾಸಿಗಳಿಗಾಗಿ ನಡೆಸುತ್ತ ಬಂದಿರುವಂಥ, ಒಂದೆರಡು ಗಂಟೆಗಳಲ್ಲಿ ಮುಗಿಯುವ ಸ್ಪರ್ಧೆಗಳಿಗೆ, ತಿಂಗಳುಗಟ್ಟಲೆ ತಪ್ಪದೆ ನಡೆಸಿದ 6ರಿಂದ 8 ಗಂಟೆಗಳ ಅಭ್ಯಾಸ ಸಾಕೆಂಬುದು ನನ್ನ ದೃಢವಾದ ಅಭಿಪ್ರಾಯ. 2008ರಲ್ಲಿ ಆರಂಭವಾದ ಟೂರ್ ಆಫ್ ನೀಲಗಿರೀಸ್‌ನಂತೆ ದಿನದ ಮೇಲೆ ದಿನ ಘಟ್ಟವೇರುವ ಸವಾರಿಯ ಮಾತು ಬೇರೆ.

ಆ ಗಂಟೆಗಳನ್ನು ಹೇಗೆ ತುಳಿಯಬೇಕೆಂಬುದರಲ್ಲಿಯೇ ಮರ್ಮವಿದೆ. ಜೊತೆಗಾರನೊಡನೆ ಏದುಸಿರಿಲ್ಲದೆ ಮಾತನಾಡಬಹುದಾದ ಮಂದಗತಿಯಲ್ಲಿ ದೀರ್ಘಕಾಲ ತುಳಿದಾಗ ಸ್ನಾಯುಗಳಲ್ಲಿ ಸೂಕ್ಷ್ಮ ರಕ್ತನಾಳಗಳೂ, ಶಕ್ತಿಯನ್ನು ಉತ್ಪಾದಿಸುವ ಮೈಟೋಕಾಂಡ್ರಿಯಗಳೂ ವೃದ್ಧಿಯಾಗುತ್ತವೆ. ಶ್ರೇಷ್ಠ ಪಟುಗಳ ಅಭ್ಯಾಸದಲ್ಲಿ ನೂರಕ್ಕೆ 80ರಷ್ಟು ಇಂಥ ಸೌಮ್ಯ ಶ್ರಮವೇ ಎಂಬುದನ್ನು ನಾರ್ವೆಯಲ್ಲಿ ನೆಲೆಸಿದ ವಿಜ್ಞಾನಿ ಸ್ಟೀಫನ್ ಸೈಲರ್ ತೋರಿಸಿಕೊಟ್ಟಿದ್ದಾರೆ. ವಾರದಲ್ಲಿ ಎರಡು ದಿನ ಮಾತ್ರ, ನಾಲ್ಕು ನಿಮಿಷ ಉಸಿರುಗಟ್ಟುವಂತೆ, ಮತ್ತೆ ನಾಲ್ಕು ನಿಮಿಷ ಸಾವಕಾಶವಾಗಿ, ಹೀಗೆ ನಾಲ್ಕೈದು ಸಲ ತುಳಿದರಾಯಿತು. ಭಾನುವಾರ ಮಂಚನಬೆಲೆಯವರೆಗೆ ಒಂದು ನೀಳವಾದ ಸವಾರಿ. ನಮ್ಮವರು ಎಡವುವುದು ಇಲ್ಲಿಯೇ: ಹಿಂದಿನಿಂದ ಬಂದವನೊಬ್ಬ ದಾಟಿಹೋದನೆಂದರೆ, ಸೌಮ್ಯವಾಗಿರಬೇಕಾದ ಮುಂಜಾನೆಯೂ ಪೈಪೋಟಿಯಾಗಿ ಮಾರ್ಪಡುತ್ತದೆ.

ನಾನೂ ಇದನ್ನು ಕಷ್ಟಪಟ್ಟೇ ಕಲಿತೆ. ನಂದಿಬೆಟ್ಟದ ಏರಿನ ಸ್ಪರ್ಧೆಗೆಂದು ಆರು ಗಂಟೆಯ ಅಭ್ಯಾಸವನ್ನು ಒಮ್ಮೆಗೇ ಹನ್ನೆರಡಕ್ಕೇರಿಸಿದ ಆ ವರ್ಷ, ಬೆಳಿಗ್ಗೆ ಹಾಸಿಗೆಯಲ್ಲಿ ಮಲಗಿದ್ದಂತೆಯೇ ಮಣಿಕಟ್ಟಿಗೆ ಎರಡು ಬೆರಳನ್ನು ಒತ್ತಿ ಎಣಿಸುತ್ತಿದ್ದ ನಾಡಿ, ಎಂದಿನ 54ರಿಂದ 63ಕ್ಕೆ ಏರಿ ಅಲ್ಲಿಯೇ ನಿಂತಿತು. ಮನೆಯ ಮಹಡಿಯ ಮೆಟ್ಟಿಲಿನಲ್ಲಿಯೇ ತೊಡೆಗಳು ಸೀಸದಂತೆ ಭಾರವಾದುವು. ಸ್ಪರ್ಧೆಯ ದಿನ ಬೆಟ್ಟದ ಅರ್ಧದಲ್ಲಿ ಕಾಲು ನೆಲಕ್ಕೂರಿದೆ. ಶರೀರವು ಬಲಗೊಳ್ಳುವುದು ತುಳಿಯುವಾಗಲ್ಲ, ತುಳಿದ ತರುವಾಯದ ವಿಶ್ರಾಂತಿಯಲ್ಲಿ ಎಂಬುದನ್ನು ಓದಿ ತಿಳಿದಿದ್ದೆ, ನಂಬಿರಲಿಲ್ಲ.

2023ರ ಆಗಸ್ಟ್ 1ರಿಂದ ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯಪಥಕ್ಕೆ ದ್ವಿಚಕ್ರಗಳು ಸಲ್ಲವೆಂದಾದ ಬಳಿಕ ಕೆಂಗೇರಿಯ ಸವಾರರಿಗೆ ಉಳಿದದ್ದು ಸರ್ವಿಸ್ ರಸ್ತೆ, ಇಲ್ಲವೆ ರಾಮೋಹಳ್ಳಿಯತ್ತ ದೊಡ್ಡ ಆಲದ ಮರದ ದಾರಿ. ಹೊಂಡ, ಹಂಪು, ಲಾರಿಗಳ ನಡುವೆ ನಿಯಮಿತ ವೇಗದಲ್ಲಿ ತುಳಿಯುವುದೇ ದುಸ್ತರವಾಗಿರುವುದರಿಂದ, ವಿಜಯನಗರದ ಹಲವರು ಮಂಗಳವಾರ, ಗುರುವಾರಗಳ ಕಠಿಣಾಭ್ಯಾಸವನ್ನು ಮನೆಯೊಳಗೆ, ಟ್ರೈನರಿನ ಮೇಲೆ ಸೈಕಲ್ ನಿಲ್ಲಿಸಿ, ಫ್ಯಾನಿನ ಎದುರಿಗೆ ಮುಗಿಸುತ್ತಾರೆ. ಅದರಲ್ಲಿ ನಾನು ಯಾವ ಕೊರತೆಯನ್ನೂ ಕಾಣೆ.

ಸ್ಪರ್ಧೆಗೆ ಎರಡು ವಾರವಿರುವಾಗ ತೀವ್ರತೆಯನ್ನು ಉಳಿಸಿಕೊಂಡು ಗಂಟೆಗಳನ್ನು ಅರ್ಧಕ್ಕಿಳಿಸಬೇಕು. ಅನುಭವಿಗಳು ಆ ದಿನಗಳಲ್ಲಿ ಕೆಂಗೇರಿ ಉಪನಗರವನ್ನು ಮುಟ್ಟಿ, ಎರಡು ಸಲ ಜೋರಾಗಿ ತುಳಿದು, ಬೆಳಕು ಹರಿಯುವ ಮೊದಲೇ ಮನೆಗೆ ಮರಳಿ, ಹಳೆಯ ಬನಿಯನ್ನಿನ ತುಂಡಿನಿಂದ ಚೈನಿನ ಕೊಂಡಿಕೊಂಡಿಯನ್ನೂ ಒರೆಸುತ್ತ ಕೂರುತ್ತಾರೆ.